ಉಪ್ಪು ನೋಡಿದ ನಾಲಿಗೆ

ನಮ್ಮ ಚಿಕ್ಕಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಸಿಸ್ಟರ್‌ಗಳು ನಡೆಸುವ ರೋಗಿಗಳ ಆಶ್ರಮದಲ್ಲಿ ಅವಳದು ಅಡುಗೆ ಕೆಲಸ. ಅಡುಗೆಮನೆಗೂ ಪ್ರಾರ್ಥನಾಲಯಕ್ಕೂ ನಡುವೆ ಇದ್ದದ್ದು ಒಂದೇ ಬಾಗಿಲು. ಭಾನುವಾರ ಫಾದರ್ ಪ್ರಸಂಗ ಶುರುಮಾಡಿದರೆ ಸಾಕು, ಇವಳು ಗಂಜಿ ತಿರುವಲು ಎದ್ದು ಓಡುವಳು. ಸೌಟಿನಿಂದ ಒಂದು ಹನಿ ಅಂಗೈಗೆ, ಅಂಗೈಯಿಂದ ನಾಲಿಗೆಗೆ. ಉಪ್ಪೇನೋ ಸರಿಯಾಗಿರುತ್ತಿತ್ತು, ಉಪವಾಸ ಮಾತ್ರ ಕೆಡುತ್ತಿತ್ತು.

ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದೆಂಬುದು ಧರ್ಮಸಭೆಯ ನಿಯಮ. ಹಾಗಾಗಿ ಎಲ್ಲರೂ ಸಾಲಿನಲ್ಲಿ ನಿಂತಾಗ ಅವಳು ಗೋಡೆಗೊರಗಿ ಒರಸುಬಟ್ಟೆ ಹಿಂಡುತ್ತಿದ್ದಳು. ಒಮ್ಮೆ ರುಚಿ ನೋಡದೆಯೇ ಗಂಜಿ ಇಳಿಸಿದಳು. ಉಪ್ಪು ಎರಡು ಸಲ ಬಿದ್ದಿತ್ತು, ರೋಗಿಗಳು ಬಟ್ಟಲು ಮುಟ್ಟಲಿಲ್ಲ. ಮತ್ತೆ ಆ ಸಾಹಸಕ್ಕೆ ಹೋಗಲಿಲ್ಲ.

ಅಮ್ಮ ಕಾಯಿಲೆ ಬಿದ್ದು ಅದೇ ಆಶ್ರಮ ಸೇರಿದ ಮೇಲೆ ಇದೇ ಅಕ್ಕತಂಗಿಯರ ಜಗಳವಾಯಿತು. ತಂಗಿಯನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಪ್ರಸಾದ ತೆಗೆದುಕೊಳ್ಳಬೇಕು, ಅಮ್ಮನಿಗೆ ಉಳಿದಿದ್ದ ಆಸೆ ಅದೊಂದೇ.

"ಒಂದ್ಸಲ ಬಾರೇ. ಒಂದು ಹನಿ ಗಂಜಿಗೆ ದೇವ್ರು ಮುನಿಸ್ಕೊಳ್ತಾನಾ?"

"ಹನಿಯಾದ್ರೇನು ಹಂಡೆಯಾದ್ರೇನು? ನಿಯಮ ನಿಯಮಾನೇ ಅಕ್ಕ."

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀನೇ ಮಾಡ್ಕೋತೀಯ, ಹುಚ್ಚಿ."

ನನಗೆ ಚಿಕ್ಕಮ್ಮನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗಾದರೂ ನೆಮ್ಮದಿಯಿತ್ತೇ ಎಂದರೆ, ಅದೂ ಇಲ್ಲ. ಅಮ್ಮ ಆ ಆಸೆ ಇಟ್ಟುಕೊಂಡೇ ಹೋಗಿಬಿಟ್ಟಳು.

ಅವಳನ್ನು ಮಣ್ಣು ಮಾಡಿ ಬಂದ ಸಂಜೆ, ಹೊಸದಾಗಿ ಬಂದಿದ್ದ ಫಾದರ್ ಅಡುಗೆಮನೆಗೆ ಬಂದರು.

"ಅಕ್ಕನ ಪೂಜೇಲೂ ಪ್ರಸಾದ ತಗೊಳ್ಲಿಲ್ಲ, ಯಾಕಮ್ಮಾ?"

ರೋಗಿಗಳಿಗೆ ಅವತ್ತೂ ಗಂಜಿ ಬೇಕಿತ್ತು, ರುಚಿ ನೋಡಿದ್ದೆ ಎಂದಳು ಚಿಕ್ಕಮ್ಮ.

"ರೋಗಿಗಳಿಗೂ ಅವರನ್ನ ನೋಡ್ಕೊಳ್ಳೋರಿಗೂ ಆ ಉಪವಾಸದಿಂದ ವಿನಾಯಿತಿ ಇದೆ. ಗಂಜಿ ಬೇಯಿಸಿ ಹಾಕೋರು ನೋಡ್ಕೊಳ್ಳೋರಲ್ದೆ ಇನ್ನೇನು? ಅದೂ ಸಭೆಯ ನಿಯಮಾನೇ. ಹಳೇ ಫಾದರ್ ಹೇಳಿರ್ಲಿಲ್ವಾ?"

"ಉಪವಾಸ ಮುರೀತಾ ಅಂತ ಕೇಳಿದ್ದೆ. ಮುರೀತು ಅಂದ್ರು. ಆದ್ರೂ ಬರಬಹುದಾ ಅಂತ ನಾನು ಕೇಳ್ಲೇ ಇಲ್ಲ."

ಫಾದರ್ ಹೋದ ಮೇಲೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಎಳೆದು ಹಾಕಿಕೊಂಡು ಉಜ್ಜಿದಳು. ಸಮಾಧಾನ ಹೇಳಲು ಹೋದ ನನ್ನ ಮೇಲೆ ಸೌಟು ಎತ್ತಿದಳು.

"ಬಾಗಿಲು ಹಾಕಿದೆ ಅಂದ್ಕೊಂಡು ಒಂದ್ಸಲ ತಳ್ಳಿಯೂ ನೋಡ್ಲಿಲ್ವಲ್ಲೇ ನಾನು!"

ಮುಂದಿನ ಭಾನುವಾರ ಪ್ರಸಂಗದ ಮಧ್ಯೆ ಎದ್ದು ಓಡಿದಳು, ಉಪ್ಪು ನೋಡಿದಳು, ಬಂದು ಸಾಲಿನಲ್ಲಿ ನಿಂತಳು. ಪ್ರಸಾದ ತೆಗೆದುಕೊಂಡವಳು ಗೋಡೆಯ ಕಡೆ ಹೋಗದೆ, ಅಮ್ಮನ ಗಾಲಿಕುರ್ಚಿ ಇರುತ್ತಿದ್ದ ಜಾಗದಲ್ಲಿ ನಿಂತಳು. ಪೂಜೆ ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ಈಗ ಸಮಾಧಾನ ಆಯ್ತಾ ಚಿಕ್ಕಮ್ಮ?"

"ಎಲ್ಲಿಯ ಸಮಾಧಾನ? ಅಕ್ಕ ಕರೆದಾಗ ಬರಬಹುದಿತ್ತು ಕಣೇ" ಎಂದವಳೇ, ಗಂಜಿ ಬಡಿಸಲು ಓಡಿದಳು.