ಹತ್ತು ಪುಟದ ಸರದಿ

ಇವತ್ತು ನಮ್ಮ ಮನೆಯಲ್ಲಿ ಜಗಳವಾಗಿದ್ದು ಅಕ್ಷರದ ಗಾತ್ರಕ್ಕೆ, ಗೆಳೆಯರೇ.

ಶ್ರಾವಣದ ಮಧ್ಯಾಹ್ನ ಭಾಗ್ಯನಗರದ ನಮ್ಮ ಓಣಿಯ ಹೆಂಗಸರು ಕೂಡಿ ಪುರಾಣ ಓದುತ್ತಾರೆ. ದಿನಕ್ಕೊಬ್ಬರ ಸರದಿ, ಸರದಿಗೆ ಹತ್ತು ಪುಟ. ತಿಂಗಳೊಳಗೆ ಪುರಾಣ ಮುಗಿದು ಮಂಗಲವಾಗಬೇಕು. ಹಳೆಯ ಪುಸ್ತಕ ಹಾಳೆ ಹಾಳೆಯಾಗಿದೆಯೆಂದು ಈ ಸಲ ಅದನ್ನು ಇ-ಬುಕ್ ರೀಡರಿನಲ್ಲಿ ಹಾಕಿಕೊಟ್ಟವಳು ನಾನೇ.

ನಿನ್ನೆ ನಮ್ಮ ಅತ್ತೆ ಸಣ್ಣ ಅಕ್ಷರದಲ್ಲೇ ಮುಕ್ಕಾಲು ತಾಸು ಓದಿ ಗಂಟಲು ಕೆಡಿಸಿಕೊಂಡಿದ್ದರು. ಇವತ್ತು ಪಕ್ಕದ ಮನೆಯ ಗಿರಿಜಕ್ಕ ಕಣ್ಣು ಕಾಣುವುದಿಲ್ಲವೆಂದು ಅಕ್ಷರ ದೊಡ್ಡದು ಮಾಡಿಕೊಂಡು, ಐದೇ ನಿಮಿಷದಲ್ಲಿ ಓದಿ ಎದ್ದರು.

"ಪುಟಕ್ಕ ನಾಕ ಸಾಲು! ಇದೂ ಒಂದು ಓದೇನ ಗಿರಿಜಾ?" ಎಂದರು ಅತ್ತೆ.

"ಹತ್ತಂದ್ರ ಹತ್ತ ಓದೀನ್ರಿ ಯಕ್ಕಾ. ಪುಟ ಏನ್ ನಾ ಮಾಡೀನೇನು?"

ನಾನು ನಡುವೆ ಹೋಗಿ, "ಅಕ್ಷರ ದೊಡ್ಡವಾದ್ರ ಪುಟ ಹೆಚ್ಚಾಗ್ತಾವ್ರಿ, ಕಥಿ ಇದ್ದಷ್ಟ ಇರತೈತಿ" ಎಂದೆ. ಇಬ್ಬರೂ ನನ್ನನ್ನೇ ಬೈದರು.

ಸಂಜೆ ಅತ್ತೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು: "ಮುಂದಿನ ಸರದಿಗೆ ನನಗ ಗಿರಿಜಾಗಿಂತ ದೊಡ್ಡದ ಮಾಡಿ ಕೊಡಾಕ ಬರತೈತೇನು?"

ಪುರಾಣದ ಮಂಗಲಕ್ಕೆ ಎಲ್ಲರೂ ಬನ್ನಿ. ಯಾವ ತಿಂಗಳು ಎಂದು ಮಾತ್ರ ಕೇಳಬೇಡಿ.