ಚಾದರವೀರನ ಒಂದೇ ದೌರ್ಬಲ್ಯ

ಐವತ್ತು ದಾಟಿದ ಮೇಲೂ ನಾನು ಕಾಮಿಕ್ಸ್ ಓದುತ್ತೇನೆ. ಮನೆಯಲ್ಲಿ ಇದು ಗೊತ್ತು, ಕಚೇರಿಯಲ್ಲಿ ಗೊತ್ತಿಲ್ಲ. ಅಲ್ಲಿ ಫೈಲಿನೊಳಗಿಟ್ಟು ಓದುವುದರಿಂದ ಶ್ರಮಜೀವಿಯೆಂಬ ಹೆಸರಿದೆ.

ನಮ್ಮ ಸೋಲಾಪುರದ ಗ್ರಂಥಾಲಯವೊಂದು ಸೂಪರ್‌ಹೀರೋ ಕಾಮಿಕ್ಸಿಗೆ ಅಭಿಮಾನಿಗಳಿಂದ ಕಥೆ ಕೇಳಿದಾಗ, ನನ್ನ ಬಳಿ ಒಂದು ಸಿದ್ಧವಿತ್ತು. ನಾಲ್ಕನೆಯ ಇಯತ್ತೆಯಲ್ಲಿ ಓದುವಾಗಿನಿಂದ ಜೊತೆಗೇ ಇದ್ದದ್ದು. ನಾಯಕ ಚಾದರವೀರ. ನಮ್ಮೂರ ಮಗ್ಗದ ಚಾದರವನ್ನು ಹೆಗಲಿಗೆ ಕಟ್ಟಿಕೊಂಡು ಹಾರುತ್ತಾನೆ. ಪರದೇಶದ ಹೀರೋಗಳದು ಗಾಳಿಗೆ ಪಟಪಟಿಸುವ ತೆಳು ಬಟ್ಟೆ. ನಮ್ಮ ಚಾದರ ಒದ್ದೆಯಾದರೆ ಹಿಂಡಲು ಇಬ್ಬರು ಬೇಕು. ಅದನ್ನು ಹೊತ್ತು ಹಾರುವವನ ಶಕ್ತಿಗೆ ಬೇರೆ ಪುರಾವೆ ಯಾಕೆ? ದೌರ್ಬಲ್ಯ ಒಂದೇ: ಕೆಳಗಿನಿಂದ ಯಾರಾದರೂ ಚಹಾಕ್ಕೆ ಕರೆದರೆ ಒಲ್ಲೆನ್ನಲಾರ. ಅಕ್ಕಲಕೋಟಕ್ಕೆ ಕಳ್ಳರು ನುಗ್ಗಿದ್ದಾರೆಂದು ಹೊರಟವನು ಮಾಳಿಗೆಯಿಂದ ಮಾಳಿಗೆಗೆ ಇಳಿಯುತ್ತ ಮುಟ್ಟುವಷ್ಟರಲ್ಲಿ ಕಳವು ಮುಗಿದಿರುತ್ತದೆ. ಆದರೆ ಕಳ್ಳರನ್ನೂ ಯಾರೋ ಚಹಾಕ್ಕೆ ಕೂಡಿಸಿಕೊಂಡಿರುತ್ತಾರೆ. ಅಲ್ಲೇ ಸಿಕ್ಕಿಬೀಳುತ್ತಾರೆ.

ಅರ್ಜಿಯಲ್ಲಿ 'ಮೂಲ ಕಲ್ಪನೆ ಯಾರದು?' ಎಂಬ ಸಾಲಿತ್ತು. ನನ್ನದು ಎಂದು ಬರೆದೆ. ಬರೆದ ಮೇಲೆ ಅನುಮಾನ ಬಂತು. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ನೆನಪು ನನ್ನ ಪರವಾಗಿ ಸಾಕ್ಷಿ ಹೇಳಿದರೆ ಎರಡು ಸಲ ವಿಚಾರಿಸಬೇಕೆಂದು ಅದರಿಂದಲೇ ಕಲಿತದ್ದು. ಈ ಕಥೆಯೋ ದಿನಚರಿಗಿಂತ ಹಳೆಯದು. ನನ್ನ ನೆನಪಿನಲ್ಲಿ, ಮಾಳಿಗೆಯ ಮೇಲೆ ಚಾದರ ಹೊದ್ದು ಕಥೆ ಹೇಳುತ್ತಿರುವವನು ನಾನೇ. ಆದರೆ ಆ ಚಿತ್ರದಲ್ಲಿ, ಎದುರು ಕೂತು ನೋಡಿದವನಂತೆ, ನನ್ನ ಮುಖ ನನಗೇ ಕಾಣುತ್ತದೆ! ಇಂಥ ಸಾಕ್ಷಿಯನ್ನು ಹೇಗೆ ನಂಬುವುದು?

ಆಗ ಮಾಳಿಗೆಯ ಮೇಲೆ ಜೊತೆಗಿದ್ದ, ಈಗ ದುಧನಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಚಾದರ ನಿಂದು, ಚಾ ನಂದು," ಅಂದಳು. "ನೀ ಅವನ್ನ ಬರೇ ಹಾರಸಾಕತ್ತಿದ್ದಿ. ಇಳಸಿದಾಕಿ ನಾ. ನನ್ನ ಸಹಿ ಇಲ್ಲದ ಕೊಟ್ಟಿ ಅಂದ್ರ ನೋಡ ಮತ್ತ!"

ಹಾರಿಸುವುದನ್ನು ಯಾರಾದರೂ ಮಾಡಿಯಾರು. ಇಳಿಸಿದ್ದರಿಂದಲೇ ಅದು ಕಥೆಯಾದದ್ದು. ಒಳಗೊಳಗೆ ನನಗೂ ಗೊತ್ತಿದ್ದಿರಬೇಕು. ಇಲ್ಲವಾದರೆ ಫೋನ್ ಯಾಕೆ ಮಾಡುತ್ತಿದ್ದೆ?

ಕೊನೆಯ ದಿನ, ಸಂಜೆ ಐದರೊಳಗೆ ಅರ್ಜಿ ಮುಟ್ಟಿಸಬೇಕು. ಅರ್ಧ ರಜೆ ಹಾಕಿ ದುಧನಿಗೆ ಹೋದೆ. ಅಕ್ಕ ನನ್ನ ಹೆಸರಿನ ಮೇಲೆಯೇ ಜಾಗ ಮಾಡಿಕೊಂಡು ಸಹಿ ಹಾಕಿದಳು. ನಾನು ಎದ್ದೆ.

"ಕೂಡೋ ತಮ್ಮಾ, ಚಾ ಇಟ್ಟೀನಿ."

"ಅಕ್ಕಾ, ಗಾಡಿ ತಪ್ಪತೈತಿ."

"ತಪ್ಪಲಿ. ಬಸ್ ಏನ್ ಸತ್ತಾವೇನು?"

ಕುಡಿದೆ. ಹೊಸ್ತಿಲು ದಾಟಿದರೆ ಪಕ್ಕದ ಮನೆಯ ಹಿರಿಯಾಕೆ, ಎಲ್ಲರ ಕಾಕು, ಕಾದು ನಿಂತಿದ್ದರು. "ಯಾಕ್ರಿ, ಸೋಲಾಪುರದವ್ರಿಗೆ ನಮ್ಮ ಮನಿ ಚಾ ಸೇರಂಗಿಲ್ಲೇನ್ರಿ?" ಅದನ್ನೂ ಕುಡಿದೆ. ಸ್ಟೇಶನ್ ದಾರಿಯಲ್ಲಿ ಭಾವನವರ ಅಂಗಡಿ. ನನ್ನನ್ನು ಕಂಡದ್ದೇ ಅವರು ಎದುರಿನ ಹೋಟೆಲಿನವನಿಗೆ ಎರಡು ಬೆರಳು ತೋರಿಸಿದರು. ಗಾಡಿ ಹೋಯಿತು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಗ್ರಂಥಾಲಯ ಮುಟ್ಟಿದಾಗ ಐದೂ ಇಪ್ಪತ್ತು. ಜವಾನ ಬೀಗ ಹಾಕುತ್ತಿದ್ದ. ಅಕ್ಕನಿಗೆ ಏನು ಹೇಳಲಿ?

ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. "ಸಾಹೇಬ್ರು ಎಲ್ಲಾ ಅರ್ಜಿ ತಗೊಂಡ ಮನಿಗೆ ಹೊಂಟಿದ್ರು. ದಾರ್ಯಾಗ ಯಾರೋ ಚಾಕ್ಕ ಕರದಾರ. ಅಕಾ ನೋಡ್ರಿ, ಅಲ್ಲಿ ಕುಂತಾರ, ಲಗೂನ ಓಡ್ರಿ!"

ಓಡಿದೆ. ಸಾಹೇಬರು ನಮ್ಮ ಅರ್ಜಿಯನ್ನು ಕಟ್ಟಿಗೆ ಸೇರಿಸಿ, ಬೆಂಚಿನಲ್ಲಿ ಸರಿದು ಕೂತು, "ಕೂಡ್ರಿ, ಚಾ ತಗೋರಿ," ಅಂದರು.

ಇಷ್ಟು ಸರಿಯಾಗಿ ಕೂಡಿಬಂದದ್ದನ್ನು ಮುಂದೆ ನಾನೇ ನಂಬಲಾರೆನೆಂದು ಅದೇ ದಿನ ದಿನಚರಿಯಲ್ಲಿ ಬರೆದಿಟ್ಟೆ. ಸಾಕ್ಷಿಗೆ ಅಕ್ಕನ ಸಹಿಯೂ ಇರಲಿ ಅನಿಸಿದೆ. ಅಂದರೆ ಮತ್ತೆ ದುಧನಿಗೆ ಹೋಗಬೇಕು. ಈ ಸಲ ಪೂರ್ತಿ ರಜೆ ಹಾಕುತ್ತೇನೆ.