ಐವತ್ತು ಪೈಸೆಯ ಮೇಲೊಂದು ಗೀಟು

ಕಳೆದ ಭಾನುವಾರ, ನನ್ನ ಮನೆಯಲ್ಲಿ, ನನ್ನ ಪುಸ್ತಕವನ್ನು ನಾನೇ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ಅಪ್ಪಣೆ ಕೊಟ್ಟವರು ನಮ್ಮನೆಯವರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ಹುಣಸೂರಿನಿಂದ ಗಾವಡಗೆರೆಗೆ ಸ್ಕೂಟರಿನಲ್ಲಿ ಹೋಗಿಬರುವ, ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಏಳುವ ಸಾಧು ಮನುಷ್ಯ. ಅಂಥವರು ಹಾಲ್‌ನಲ್ಲಿ ಬಿಳಿ ಪಂಚೆ ಹಾಸಿ, ಕೊರೋನಾ ಕಾಲದಲ್ಲಿ ತಂದು ಉಳಿದಿದ್ದ ಗ್ಲೌಸ್ ತೊಟ್ಟು, ಆಪರೇಷನ್ನಿಗೆ ಕೂತ ಡಾಕ್ಟರರ ಹಾಗೆ ಕೂತಿದ್ದರು. ಪಂಚೆಯ ಮೇಲೆ ನನ್ನ ಚಿಕ್ಕಂದಿನ ಕಾಮಿಕ್ಸುಗಳು.

"ಎಣ್ಣೆ ಕೈ ಕಣೇ ನಿಂದು. ಮುಟ್ಟಬ್ಯಾಡ," ಅಂದರು.

ಎಣ್ಣೆ ಕೈಯಂತೆ. ಅವರಿಗೆ ವಡೆ ಕರಿಯುತ್ತಿದ್ದ ಕೈ ಅದು!

ತಪ್ಪು ನನ್ನದೇ ಅನ್ನಿ. ಅಟ್ಟ ಕ್ಲೀನ್ ಮಾಡಿ ಅಂತ ಗೌರಿಹಬ್ಬದಿಂದ ಅವರ ಪ್ರಾಣ ತಿನ್ನುತ್ತಿದ್ದೆ. ಅಂತೂ ಏಣಿ ಹತ್ತಿದರು. ಒಡೆದ ಬಕೆಟ್ಟು, ತಿರುಗದ ಫ್ಯಾನು ಎಲ್ಲ ಇಳಿದ ಮೇಲೆ ನನ್ನ ತಗಡಿನ ಟ್ರಂಕು ಇಳಿಯಿತು. ಮದುವೆಯಾಗಿ ಬರುವಾಗ ತವರೂರು ಅಂತರಸಂತೆಯಿಂದ ನಾನು ಹಟ ಹಿಡಿದು ತಂದಿದ್ದು. (ಪಾತ್ರೆ ಪಗಡ ಇದೆ ಅಂದುಕೊಂಡು ನಮ್ಮತ್ತೆ ಅವತ್ತು ಬಲು ಸಂತೋಷಪಟ್ಟಿದ್ದರು. ಮುಚ್ಚಳ ತೆಗೆದ ಮೇಲೆ ಅವರ ಮುಖ ನೋಡಬೇಕಿತ್ತು.)

ನಮ್ಮಪ್ಪನಿಗೆ ಅಂತರಸಂತೆ ಬಸ್‌ಸ್ಟಾಪಿನ ಪಕ್ಕ ಒಂದು ಪೆಟ್ಟಿಗೆ ಅಂಗಡಿ ಇತ್ತು. ಬೀಡಿ, ಬೆಂಕಿಪೊಟ್ಟಣ, ಪೆಪ್ಪರ್‌ಮಿಂಟಿನ ಜೊತೆಗೆ ಮೈಸೂರಿನಿಂದ ಬಸ್ಸಿನಲ್ಲಿ ಬರುವ ಪೇಪರು, ವಾರಪತ್ರಿಕೆ, ಮಕ್ಕಳ ಕಾಮಿಕ್ಸು. ಮಾರಾಟವಾಗದೆ ಉಳಿದ ಕಾಮಿಕ್ಸು ನನ್ನ ಪಾಲು. ನಾನು ಓದು ಕಲಿತದ್ದು ಶಾಲೆಯಲ್ಲಲ್ಲ, ಆ ಅಂಗಡಿಯ ಹಲಗೆಯ ಕೆಳಗೆ ಕೂತು.

ಸರಿ, ಹಳೇ ಕಾಮಿಕ್ಸಿಗೆ ಗ್ಲೌಸ್ ಯಾಕೆ? ನಮ್ಮನೆಯವರು ಒಂದು ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಹಳೇ ಕಾಮಿಕ್ಸು ಕೂಡಿಡುವವರ ಗುಂಪು. ಅಲ್ಲಿ ಕಲಿತ ಪಾಠವನ್ನು ನನಗೂ ಒಪ್ಪಿಸಿದರು. ಅಮೆರಿಕದಲ್ಲಿ ಒಂದು ಕಾಲಕ್ಕೆ ಕಾಮಿಕ್ಸಿನ ಬೆಲೆ ಏರಿಸಬೇಕಾಗಿ ಬಂತಂತೆ. ಜನ ಕೊಳ್ಳುತ್ತಾರೋ ಇಲ್ಲವೋ ಎಂದು ನೋಡಲು ಕೆಲವೇ ಊರುಗಳ ಅಂಗಡಿಗೆ ಮಾತ್ರ ಐದು ಸೆಂಟ್ ಜಾಸ್ತಿ ಅಚ್ಚು ಹಾಕಿ ಕಳಿಸಿದರಂತೆ. ಅದೇ ಕತೆ, ಅದೇ ಚಿತ್ರ, ಅದೇ ಕಾಗದ. ಮೂಲೆಯ ಅಂಕಿ ಮಾತ್ರ ಬೇರೆ. ಈಗ ಆ ಅಂಕಿ ಇರುವ ಪ್ರತಿಗೆ ಸೈಟು ಕೊಳ್ಳುವಷ್ಟು ದುಡ್ಡು ಕೊಡುತ್ತಾರಂತೆ. ಅದಕ್ಕೆ ಪ್ರೈಸ್ ವೇರಿಯಂಟ್ ಅಂತ ಹೆಸರು.

"ಕತೆ ಅದೇ ತಾನೆ?" ಅಂದೆ.

"ಕತೆ ಯಾರ್ಗೆ ಬೇಕು?" ಅಂದರು ಮೇಷ್ಟ್ರು.

ನೋಡಿ, ಇದು ವಿದ್ಯೆ ಕಲಿಸುವವರ ಬಾಯಿಂದ ಬಂದ ಮಾತು. ಇವರೇ ನಾಳೆ ಮಕ್ಕಳಿಗೆ ಪುಸ್ತಕ ಓದಿ ಅಂತ ಭಾಷಣ ಮಾಡುತ್ತಾರೆ.

ನಮ್ಮ ಕನ್ನಡ ಕಾಮಿಕ್ಸಿನಲ್ಲೂ ಅಂಥದ್ದಿದೆ ಎನ್ನುವುದು ಅವರ ಸಂಶೋಧನೆ. ಕರ್ನಾಟಕದೊಳಗೆ ಮೂರು ರೂಪಾಯಿ ಎಂದು ಅಚ್ಚಾಗಿ ಬರುತ್ತಿದ್ದ ಪುಸ್ತಕ, ಹೊರ ರಾಜ್ಯಕ್ಕೆ ಹೋಗುವಾಗ ಮೂರೂವರೆ ಎಂದು ಅಚ್ಚಾಗುತ್ತಿತ್ತು. ಹೊರ ರಾಜ್ಯದಲ್ಲಿ ಕನ್ನಡ ಕಾಮಿಕ್ಸು ಕೊಳ್ಳುವವರು ಎಷ್ಟು ಜನ? ಅಚ್ಚಾಗಿದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ನನ್ನ ಟ್ರಂಕಿನಲ್ಲಿ ಇದ್ದವೆಲ್ಲ ಮೂರೂವರೆಯವೇ. ಮುಖಪುಟದಲ್ಲಿ ಛತ್ರಿ ಹಿಡಿದ ಆನೆಯಿದ್ದ ಸಂಚಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಮ್ಮ ಮಗಳು ಹುಟ್ಟಿದಾಗ ಅವಳನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡಿರಲಿಲ್ಲ.

ಆಮೇಲೆ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ಮುಖ ಇಳಿಯಿತು.

ಮೂರರ ಪಕ್ಕದ ಐವತ್ತು ಪೈಸೆಯ ಮೇಲೆ ನೀಲಿ ಬಾಲ್‌ಪೆನ್ನಿನ ಒಂದು ಗೀಟು. ಎಲ್ಲ ಸಂಚಿಕೆಗಳಲ್ಲೂ. ಸ್ಕೇಲು ಇಟ್ಟು ಎಳೆದಷ್ಟು ನೇರ.

"ಇದ್ಯಾರು ಮಾಡಿದ ಘನಂದಾರಿ ಕೆಲಸ?" ಅಂದರು.

ನಮ್ಮಪ್ಪನ ಪೆನ್ನು ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಯಾಕೆ ಎಳೆದರು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಫೋಟೋ ಗುಂಪಿಗೆ ಹೋಯಿತು. ಯಾವನೋ ಪುಣ್ಯಾತ್ಮ ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟ: ಬೆಲೆಯ ಮೇಲೆ ಗೀಚಿದ್ದಾರೆ, ಆದ್ದರಿಂದ ಬೆಲೆ ಇಲ್ಲ. ಒಳಗೆ ಓದಿದ ಗುರುತೂ ಇದೆಯಂತೆ, ಅದು ಇನ್ನೊಂದು ಅಪರಾಧ. ಯಾರೂ ಓದದೆ, ಯಾರೂ ತೆರೆಯದೆ, ಪ್ಲಾಸ್ಟಿಕ್ಕಿನೊಳಗೆ ಉಸಿರುಗಟ್ಟಿ ಕೂತ ಪುಸ್ತಕಕ್ಕೇ ಮರ್ಯಾದೆ ಜಾಸ್ತಿ.

ಇದೇನು ಹೊಸದಲ್ಲ ಬಿಡಿ. ನಮ್ಮನೆಯ ಟೀವಿ ರಿಮೋಟು ಇವತ್ತಿಗೂ ಪ್ಲಾಸ್ಟಿಕ್ ಕವರಿನಲ್ಲಿದೆ, ಒತ್ತಿದ ಚಾನೆಲ್ಲೊಂದು, ಬರುವುದೊಂದು. ಒಳ್ಳೆಯ ಬೆಡ್‌ಶೀಟು ನೆಂಟರಿಗೆ. ಒಳ್ಳೆಯ ಲೋಟ ಷೋಕೇಸಿಗೆ. ಒಳ್ಳೆಯ ಸೀರೆ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಯಾವ ಮದುವೆಗೆ ಕಾಯುತ್ತಿದೆಯೋ ನನಗೇ ಗೊತ್ತಿಲ್ಲ. ಬಳಸಿದರೆ ಹಾಳಾಗುತ್ತದೆ ಎಂದು ಎತ್ತಿಟ್ಟು, ಎತ್ತಿಟ್ಟಲ್ಲೇ ಹಾಳು ಮಾಡುವ ಜನ ನಾವು. ಈಗ ಪುಸ್ತಕದ ಸರದಿ.

ತೀರ್ಪು ಬಂತು, ಇನ್ನು ಸುಮ್ಮನಾಗುತ್ತಾರೆ ಅಂದುಕೊಂಡೆ. ಎಲ್ಲಿ ಬಂತು? ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರೆ ಬಾಲ್‌ಪೆನ್ನಿನ ಶಾಯಿ ಹೋಗುತ್ತದೆ ಎಂದು ಯಾವುದೋ ವೀಡಿಯೋ ಹೇಳಿತು. ಬೇಡ ಅಂದೆ. ಅದು ನಮ್ಮಪ್ಪ ಎಳೆದದ್ದು, ಸುಮ್ಮಸುಮ್ಮನೆ ಎಳೆಯುವವರಲ್ಲ ಅಂದೆ. ಅವರನ್ನು ಕೇಳದೆ ಒರೆಸಕೂಡದು ಅಂತ ಜೋರಾಗಿಯೇ ಅಂದೆ. ಬರೀ ಒಂದು ಗೀಟಿಗೆ ಇಷ್ಟು ರಂಪ ಯಾಕೆ ಅಂತ ಅವರ ಪ್ರಶ್ನೆ. ಬರೀ ಒಂದು ಅಂಕಿಗೆ ಇಷ್ಟು ರಂಪ ಯಾಕೆ ಅಂತ ನನ್ನದು. ಮಾತು ಬಿಟ್ಟೆವು. ಅದಕ್ಕೂ ಮೊದಲು ನನ್ನ ಮಾತಿಗೆ ಅವರು ಹೂಂ ಅಂದಿದ್ದರು ಎಂದು ನಾನು ಸೋಮವಾರ ಸಂಜೆ ಧೈರ್ಯವಾಗಿ ತರಕಾರಿಗೆ ಹೋದೆ.

ಬರುವಷ್ಟರಲ್ಲಿ ಮನೆ ತುಂಬ ಆಸ್ಪತ್ರೆ ವಾಸನೆ. ಛತ್ರಿ ಹಿಡಿದ ಆನೆಯ ಸಂಚಿಕೆಯಲ್ಲಿ ಗೀಟು ಮಾಯ. ಜೊತೆಗೆ ಆನೆಯ ಒಂದು ಕಿವಿಯೂ ಮಾಯ.

"ಕಿವಿ ಹೋದ್ರೂ ಅಂಕಿ ಉಳ್ಕಂಡದೆ ಕಣೇ," ಅಂದರು ಸಣ್ಣ ದನಿಯಲ್ಲಿ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಅವತ್ತು ನನಗೆ ಅಳುವೇ ಬಂತು. ಉಳಿದ ಸಂಚಿಕೆಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದೆ.

ಬುಧವಾರ ಸಂಜೆ ಅಪ್ಪ ಬಂದರು. ಅಂತರಸಂತೆಯಲ್ಲಿ ನನ್ನ ತಮ್ಮನ ಜೊತೆಗಿದ್ದಾರೆ, ಹುಣಸೂರಿಗೆ ಕಣ್ಣು ತೋರಿಸಿಕೊಳ್ಳಲು ಬಂದವರು. ಅವರು ಕಾಫಿ ಹಿಡಿದು ಕೂರುವುದನ್ನೇ ಕಾದಿದ್ದ ಅಳಿಯ ಬಹಳ ನಯವಾಗಿ, ಮಾವ, ಗೀಟು ಹಾಕದ ಪ್ರತಿ ಒಂದಾದರೂ ಎಲ್ಲಾದರೂ ಉಳಿದಿದೆಯಾ ಎಂದು ವಿಚಾರಿಸಿದರು.

ಅಪ್ಪನಿಗೆ ಎಲ್ಲ ನೆನಪಿತ್ತು. ಕಾಮಿಕ್ಸ್ ಕಳಿಸುವ ಮೈಸೂರಿನ ಏಜೆಂಟರು ಬಂಡಲ್ಲನ್ನು ನಮ್ಮ ತಾಲ್ಲೂಕು ಕೇಂದ್ರ ಕೋಟೆ, ಆಮೇಲೆ ಅಂತರಸಂತೆ ದಾಟಿ ಕೇರಳಕ್ಕೆ ಹೋಗುವ ಬಸ್ಸಿಗೆ ಹಾಕುತ್ತಿದ್ದರು. ಬಸ್ಸಿನ ಬೋರ್ಡಿನಲ್ಲಿ ಕೇರಳದ ಊರಿನ ಹೆಸರು. ಏಜೆಂಟರು ಬೋರ್ಡು ನೋಡಿ ತೀರ್ಮಾನ ಮಾಡಿಬಿಟ್ಟರು.

"ಅಂತರಸಂತೆ ಕೇರಳದಲ್ಲಿ ಅದೆ ಅಂದ್ಕಂಡಿದ್ರು ಕಣವ್ವ," ಅಂದರು ಅಪ್ಪ ನನ್ನ ಕಡೆ ತಿರುಗಿ. ಅದಕ್ಕೇ ಹೊರ ರಾಜ್ಯದ ಬಂಡಲ್ಲು. ಕಾಗದ ಬರೆದರು, ಬದಲಾಗಲಿಲ್ಲ. ಬಸ್ಸು ಹತ್ತಿ ಮೈಸೂರಿಗೇ ಹೋಗಿ ನಮ್ಮದು ಕೋಟೆ ತಾಲ್ಲೂಕು ಸ್ವಾಮಿ ಎಂದು ಹೇಳಿ ಬಂದರು. ಮುಂದಿನ ಸಲವೂ ಮೂರೂವರೆಯದೇ ಬಂತು. ಆಮೇಲೆ ಪೆನ್ನು ತೆಗೆದರು.

ಮಾರುವುದಕ್ಕೆ ಮೊದಲು ಪ್ರತಿ ಪುಸ್ತಕಕ್ಕೂ ಗೀಟು. ಕೊಡುತ್ತಿದ್ದದ್ದು ಮೂರೇ ರೂಪಾಯಿಗೆ. ಹಾಗಾದರೆ ಮೇಲಿನ ಐವತ್ತು ಪೈಸೆ ಎಲ್ಲಿಂದ ಬರುತ್ತಿತ್ತು ಎಂದು ಅಳಿಯ (ಗಣಿತದ ಮೇಷ್ಟ್ರಲ್ಲವೇ) ಕೇಳಿದರು. ಅಪ್ಪ ಒಂದು ಗುಟುಕು ಕಾಫಿ ಕುಡಿದರು. ಪೆಟ್ಟಿಗೆ ಅಂಗಡಿಯ ಕಮಿಷನ್ ಎಷ್ಟಿರುತ್ತದೆ ಎಂದು ನನಗೆ ಗೊತ್ತು. ಅದರಲ್ಲೇ ಕಳೆಯುತ್ತಿದ್ದರು.

"ಇದ್ದ ಬೆಲೆಗೇ ಮಾರಬೋದಾಗಿತ್ತಲ್ಲ ಮಾವ, ನಿಮಗ್ಯಾಕೆ ನಷ್ಟ?"

"ಕೋಟೇಲಿ ಮೂರು ರೂಪಾಯಿ, ನಮ್ಮೂರಲ್ಲಿ ಮೂರೂವರೆ ಅಂದ್ರೆ ಐಕ್ಳು ಏನಂದ್ಕಂಡಾವು ಮೇಷ್ಟ್ರೇ? ನಾವು ಈ ರಾಜ್ಯದೋರೇ ಅಲ್ವೇನೋ ಅಂದ್ಕಳಲ್ವಾ?"

ಟ್ರಂಕಿನ ಹೊರಗೆ ಉಳಿದಿದ್ದದ್ದು ಕಿವಿ ಹೋದ ಆನೆ ಒಂದೇ, ಟೀಪಾಯಿಯ ಮೇಲೆ, ಹೊಸ ಪ್ಲಾಸ್ಟಿಕ್ ಕವರಿನಲ್ಲಿ. ಅಪ್ಪ ಅದನ್ನು ಕವರಿನಿಂದ ಎಳೆದು ಕಣ್ಣಿನ ಹತ್ತಿರ ಹಿಡಿದರು. ಮೂಲೆ ನೋಡಿದರು.

"ಇದೊಂದ್ಕೆ ಮರ್ತೇಬುಟ್ಟಿದ್ನಾ?"

ನಾನು ಗಂಡನ ಮುಖ ನೋಡಿದೆ, ಗಂಡ ಗೋಡೆಯ ಕ್ಯಾಲೆಂಡರ್ ನೋಡಿದರು. ಅಪ್ಪ ಅಂಗಿ ಜೇಬಿನಿಂದ ಬಾಲ್‌ಪೆನ್ನು ತೆಗೆದು, ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಐವತ್ತು ಪೈಸೆಯ ಮೇಲೆ ನಿಧಾನವಾಗಿ ಒಂದು ಗೀಟು ಎಳೆದರು. ವಯಸ್ಸಾಗಿದೆ, ಈ ಸಲದ ಗೀಟು ಸ್ವಲ್ಪ ಸೊಟ್ಟ. ಆಮೇಲೆ ಪುಸ್ತಕ ನನ್ನ ಕೈಗೆ, ಎಣ್ಣೆ ಕೈಗೇ, ಕೊಟ್ಟರು.

ಆದ್ದರಿಂದ ಕೂಡಿಡುವ ಮಹಾಶಯರಲ್ಲಿ ವಿನಂತಿ: ಅಂತರಸಂತೆಯ ಈ ಆನೆಯ ಬೆಲೆ ಮೂರು ರೂಪಾಯಿ, ಅದರ ಮೇಲೆ ನೀವು ಸೈಟನ್ನೇ ಬರೆದುಕೊಟ್ಟರೂ ನಮ್ಮಪ್ಪ ಐವತ್ತು ಪೈಸೆ ಜಾಸ್ತಿ ಮುಟ್ಟುವುದಿಲ್ಲ.